ಮುಖ ನೋಡಿ ಬರೆದ ವಯಸ್ಸು

ದೇವದುರ್ಗ
7-2-1988

ಚಿ. ಹುಲಗೆಮ್ಮಳಿಗೆ ನಿನ್ನ ಸೋದರಮಾವ ಯಂಕೋಬ ಬರೆಯುವುದು. ಕ್ಷೇಮ ಸಮಾಚಾರ ಕೊನೆಗೆ ಬರೆಯುತ್ತೇನೆ, ಮೊದಲು ಜಗಳ ಮುಗಿಯಲಿ.

ಸಂಕ್ರಾಂತಿಗೆ ಮಾನ್ವಿಗೆ ಬಂದು ನಿನ್ನ ಅವ್ವನ ಮನೆಯಲ್ಲಿ ಎರಡು ದಿನ ಇದ್ದೆಯಲ್ಲ, ಆಗ ನಾನು ನೋಡಿದ್ದು ನಿನ್ನ ಮುಖವೋ ಸುಲಿಯಲು ಇಟ್ಟ ಉಳ್ಳಾಗಡ್ಡಿಯೋ ಇನ್ನೂ ತಿಳಿಯವಲ್ಲದು. ಮೂಗಿನ ಪಕ್ಕ ಸಿಪ್ಪೆ, ಗದ್ದದ ಮೇಲೆ ಸಿಪ್ಪೆ. ಕೇಳಿದರೆ "ಏನಿಲ್ರಿ ಮಾಮಾ, ಮುಲಾಮು" ಅಂದಿ. ಮೋಡದ ತುಣುಕೂ ಇಲ್ಲದ ಊರಲ್ಲಿ ಛತ್ರಿ ಹಿಡಿದುಕೊಂಡು ಸಂತೆಗೆ ಹೋದಿ. ನೀನು ರಾಯಚೂರಿನ ಬಸ್ಸು ಹತ್ತಿದ ಮೇಲೆ ಓಣಿಯ ಹೆಂಗಸರು ನನ್ನನ್ನು ಹಿಡಿದರು. "ಯಂಕೋಬಣ್ಣ, ನಿಮ್ಮ ನರ್ಸವ್ವಗ ಏನು ಬ್ಯಾನಿ?" ಸರಕಾರಿ ನರ್ಸಿಗೇ ಚರ್ಮರೋಗ ಅಂದರೆ ರೋಗಿಗಳು ಯಾರ ಮುಖ ನೋಡಬೇಕು? ನಿನ್ನ ಅವ್ವನನ್ನು ಕೇಳಿದೆ. ಸೆರಗು ಬಾಯಿಗೆ ಹಿಡಿದು ನಕ್ಕು ಹೇಳಿದಳು: "ಮುಂದ ಸುಕ್ಕು ಬರಬಾರ್ದಂತ ಈಗ ಹಚ್ಕೊಂತಾಳಂತಣ್ಣ."

ಹುಲಗಿ, ನಿನಗೆ ಇಪ್ಪತ್ನಾಲ್ಕು. ಸುಕ್ಕು ಎಲ್ಲಿದೆ? ಹುಟ್ಟದ ಎಮ್ಮೆಗೆ ಹಗ್ಗ ಹೊಸೆಯುತ್ತಾ ಕೂತಿದ್ದೀಯಲ್ಲ.

ನನ್ನನ್ನು ನೋಡು. ನಲವತ್ತೆರಡು ತುಂಬಿತು. ಹಗಲು ತಾಲೂಕು ಕಚೇರಿಯ ಕಟ್ಟೆಯ ಮೇಲೆ ಕೂತು ಜನರ ಅರ್ಜಿ ಬರೆಯುತ್ತೇನೆ. ವರ್ಷಕ್ಕೊಮ್ಮೆ ವಿರೂಪಣ್ಣನ ಬಯಲಾಟದ ತಂಡದಲ್ಲಿ ರಾಜಕುಮಾರನ ವೇಷ ಕಟ್ಟುತ್ತೇನೆ. ಹದಿನೆಂಟು ವರ್ಷದಿಂದ ರಾಜಕುಮಾರ ನಾನೇ. ಕಿರೀಟ ಇಟ್ಟು ಕುಣಿದರೆ ಇವತ್ತಿಗೂ ಹೆಂಗಸರು ಚಾಪೆ ಎಳೆದುಕೊಂಡು ಮುಂದೆ ಬರುತ್ತಾರೆ. ನಾನು ಯಾವ ಮುಲಾಮು ಹಚ್ಚಿದ್ದೇನೆ? ಬಾವಿಯ ನೀರು, ಕಡಲೆ ಹಿಟ್ಟು. ಮನುಷ್ಯನ ವಯಸ್ಸಿನ ವಿಷಯ ನನಗಿಂತ ಬಲ್ಲವರು ಈ ತಾಲೂಕಿನಲ್ಲಿಲ್ಲ. ಹುಟ್ಟಿದ ದಿನ ಗೊತ್ತಿಲ್ಲದ ಅರ್ಧ ತಾಲೂಕಿಗೆ ಅರ್ಜಿಯಲ್ಲಿ ವಯಸ್ಸು ಹಾಕಿದ ಕೈ ಇದು.

ಆ ಮುಲಾಮು ತಿಪ್ಪೆಗೆ ಎಸೆ. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಮಾಮಾ
ಯಂಕೋಬ


ರಾಯಚೂರು
15-2-1988

ಮಾಮಾ ಅವರಿಗೆ ಹುಲಗೆಮ್ಮಳ ನಮಸ್ಕಾರಗಳು.

ಅದು ಮೊಡವೆಗೆಂದು ಚರ್ಮದ ಡಾಕ್ಟರು ಬರೆದುಕೊಟ್ಟ ಮುಲಾಮು. ಎ ಜೀವಸತ್ವದಿಂದ ಮಾಡಿದ್ದು. ಶುರುವಿನಲ್ಲಿ ಎಲ್ಲರಿಗೂ ಸಿಪ್ಪೆ ಏಳುತ್ತದೆ, ಎರಡು ಮೂರು ತಿಂಗಳಲ್ಲಿ ನಿಲ್ಲುತ್ತದೆ. ಅವ್ವ ಏನೋ ಕೇಳಿದಳು, ನಾನು ಏನೋ ಹೇಳಿದೆ. ರೋಗವಲ್ಲ ಎಂದು ಓಣಿಗೆ ತಿಳಿಸಿಬಿಡಿ.

ಒಂದು ಕೆಲಸವಿದೆ. ಅವ್ವನ ರೇಷನ್ ಕಾರ್ಡು ನಿಮ್ಮ ಹತ್ತಿರ ಇದೆಯಂತೆ. ರಿಜಿಸ್ಟರ್ ಅಂಚೆಯಲ್ಲಿ ಕಳಿಸಿಕೊಡಿ. ಯಾಕೆಂದು ಆಮೇಲೆ ಬರೆಯುತ್ತೇನೆ.

ಹುಲಗೆಮ್ಮ


ದೇವದುರ್ಗ
24-2-1988

ಚಿ. ಹುಲಗೆಮ್ಮಳಿಗೆ ಆಶೀರ್ವಾದ.

ನಿನ್ನ ಎ ಜೀವಸತ್ವದ ಪಾಠ ನನಗೆ ಬೇಡ. ಚಂದ್ರಬಂಡದ ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಓದಿದ್ದೇನೆ, ಅಲ್ಲಿ ಕಲಿಯದ್ದನ್ನು ಕಚೇರಿ ಕಟ್ಟೆಯ ಮೇಲೆ ಕಲಿತಿದ್ದೇನೆ. ಎ ಜೀವಸತ್ವ ಇರುವುದು ನುಗ್ಗೆ ಸೊಪ್ಪಿನಲ್ಲಿ, ಗಜ್ಜರಿಯಲ್ಲಿ. ದೇವರು ಅದನ್ನು ತಿನ್ನಲಿಕ್ಕೆ ಬಾಯಿ ಕೊಟ್ಟಿದ್ದಾನೆ. ಮುಖಕ್ಕೆ ಬಳಿದುಕೊಂಡು ಛತ್ರಿ ಹಿಡಿ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಮೊಡವೆಯ ಮಾತು ಕೇಳಿ ನಗು ಬಂತು. ಮೊಡವೆ ನಿನಗೆ ಹದಿನಾರಕ್ಕೆ ಬಂದು ಹದಿನೆಂಟಕ್ಕೆ ಹೋದದ್ದು ಕಣ್ಣಾರೆ ಕಂಡವನು ನಾನು. ನೇರ ಕೇಳುತ್ತೇನೆ: ಯಾರವನು? ಕಾಂಪೌಂಡರೇ? ಲ್ಯಾಬಿನವನೇ? ಯಾರಾದರೂ ಇದ್ದರೆ ಬರೆ, ನಾನೇ ಬಂದು ಮಾತಾಡುತ್ತೇನೆ, ಅವನ ಮನೆಯವರು ನನ್ನ ಮಾತಿಗೆ ಅರ್ಧ ತಾಸಿನಲ್ಲಿ ಒಪ್ಪುತ್ತಾರೆ. ಸುಮ್ಮನೆ ಮುಖ ಸುಟ್ಟುಕೊಳ್ಳಬೇಡ.

ಈ ಕುಟುಂಬಕ್ಕೆ ನಾನು ಹೊಸಬನಲ್ಲ. ರಜಾಕಾರರ ಗಲಾಟೆಯ ವರ್ಷ ಊರೆಲ್ಲ ಓಡಿದಾಗ ನಿನ್ನ ಅವ್ವ ನಾಲ್ಕು ವರ್ಷದ ಕೂಸು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಎದೆಮಟ್ಟ ನೀರಿನಲ್ಲಿ ತುಂಗಭದ್ರೆ ದಾಟಿ ಆಚೆ ದಂಡೆ ಸೇರಿಸಿದವನು ನಾನು. ನನ್ನ ತಲೆಕೂದಲು ಹಿಡಿದು ಅವಳು ಎಳೆದ ನೋವು ಇನ್ನೂ ನೆನಪಿದೆ.

ರೇಷನ್ ಕಾರ್ಡಿನ ಮೂಲೆಯನ್ನು ಇಲಿ ಕಡಿದಿದೆ. ಸರಿಮಾಡಿಸಿ ಕಳಿಸುತ್ತೇನೆ. ಅವಸರ ಯಾಕೆ?

ಯಂಕೋಬ


ರಾಯಚೂರು
6-3-1988

ಮಾಮಾ ಅವರಿಗೆ ನಮಸ್ಕಾರಗಳು.

ಯಾವನೂ ಇಲ್ಲ. ನೀವು ಲ್ಯಾಬಿನವರ ಮನೆಗೆ ಹೊರಟುಬಿಡುತ್ತೀರಿ ಎಂಬ ಹೆದರಿಕೆಗೆ ನಿಜ ಬರೆಯುತ್ತಿದ್ದೇನೆ.

ನವೆಂಬರಿನಲ್ಲಿ ಅವ್ವನನ್ನು ಕಣ್ಣು ತೋರಿಸಲು ರಾಯಚೂರಿಗೆ ಕರೆತಂದೆನಲ್ಲ, ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತುಂಬಿತ್ತು. ಕಂಡಕ್ಟರು ಒಳ್ಳೆಯವನು, ಒಬ್ಬನನ್ನು ಎಬ್ಬಿಸಿ ನನಗೆ ಹೇಳಿದ: "ನಿಮ್ಮಜ್ಜಿನ್ನ ಇಲ್ಲಿ ಕುಂದ್ರಸವ್ವ." ನಾನು ಬಾಯಿ ತೆರೆಯುವುದರೊಳಗೆ ಅವ್ವ ಕೂತಾಗಿತ್ತು. ಕಲ್ಮಲಾ ದಾಟಿದ ಮೇಲೆ ಹೇಳಿದಳು: "ಅಜ್ಜಿ ಅಂದ್ರ ಅಂದ, ಸೀಟ್ ಸಿಕ್ತಲ್ಲ." ನಕ್ಕಳು. ನನಗೆ ನಗು ಬರಲಿಲ್ಲ. ಅವ್ವನಿಗೆ ನಲವತ್ನಾಲ್ಕು, ಮಾಮಾ. ನಮ್ಮ ಮೇಟ್ರನ್ ಬಾಯಿಯವರಿಗೆ ಐವತ್ತೆರಡು, ಅವರನ್ನು ಯಾರೂ ಅಜ್ಜಿ ಅನ್ನುವುದಿಲ್ಲ.

ರೂಮಿಗೆ ಬಂದು ಕನ್ನಡಿ ನೋಡಿದೆ. ಅವ್ವನದೇ ಮೂಗು, ಅವ್ವನದೇ ಹಣೆ. ಚಿಕ್ಕವಳಿದ್ದಾಗ ಏಳು ವರ್ಷ ನಾನೂ ಅವಳ ಹಿಂದೆ ಗದ್ದೆಯಲ್ಲಿ ನಾಟಿ ಮಾಡಿದ್ದೇನೆ, ಆ ಬಿಸಿಲು ನನ್ನ ಚರ್ಮದಲ್ಲೂ ಕೂತಿದೆ. ಡಾಕ್ಟರನ್ನು ಕೇಳಿದೆ. ಮೊಡವೆಯ ಈ ಮುಲಾಮು ಬಿಸಿಲಿಗೆ ಕೆಟ್ಟ ಚರ್ಮದ ಗೆರೆಗಳನ್ನು ಸ್ವಲ್ಪ ತಿಳಿಮಾಡುತ್ತದೆಂದು ಹೊರದೇಶದಲ್ಲಿ ಈಚೆಗೆ ಪರೀಕ್ಷೆ ಮಾಡಿ ಬರೆದಿದ್ದಾರಂತೆ. ಗೆರೆ ಬರುವ ಮೊದಲೇ ಹಚ್ಚಿದರೆ ತಡೆಯುತ್ತದೆಯೇ ಎಂದರೆ ಅವರು ಖಾತ್ರಿ ಕೊಡಲಿಲ್ಲ. "ಹಚ್ಚೋದಿದ್ರ ಕಡಲೆಕಾಳಿನಷ್ಟು, ಮಲಗೋ ಮುಂದ, ಮುಖ ತೊಳೆದು ಪೂರಾ ಒಣಗಿದ ಮ್ಯಾಲ. ಹಗಲು ಬಿಸಿಲಿಗೆ ಬೀಳಬ್ಯಾಡ, ಬಸರಾದ್ರ ನಿಲ್ಲಸು" ಅಂದರು. ಛತ್ರಿ ಅದಕ್ಕೆ.

ಇದು ಶೋಕಿ ಎಂದು ನೀವು ಅನ್ನಬಹುದು. ಅನ್ನಿ.

ರೇಷನ್ ಕಾರ್ಡಿನ ಅವಸರ ಇದು. ನಮ್ಮ ನರ್ಸುಗಳ ಹಾಸ್ಟೆಲ್ಲಿಗೆ ಒಬ್ಬ ಆಯಾ ಬೇಕು. ಅಡುಗೆಮನೆ, ಹಾಸಿಗೆ ಬಟ್ಟೆ, ಎಲ್ಲ ಮಾಳಿಗೆಯ ಕೆಳಗಿನ, ಬಿಸಿಲಿಲ್ಲದ ಕೆಲಸ. ಓದಿಲ್ಲದಿದ್ದರೂ ನಡೆಯುತ್ತದೆ, ವಯಸ್ಸು ಮಾತ್ರ ನಲವತ್ತೈದರೊಳಗಿರಬೇಕು. ಸಂದರ್ಶನ ಜೂನ್ 27ಕ್ಕೆ. ಮುಂದಿನ ವರ್ಷ ಅವ್ವನಿಗೆ ವಯಸ್ಸು ಮೀರುತ್ತದೆ. ಆಮೇಲೆ ಸಾಯುವವರೆಗೂ ಗದ್ದೆಯೇ. ಇಲಿ ಕಡಿದಿದ್ದರೂ ಪರವಾಗಿಲ್ಲ, ಕಾರ್ಡು ಕಳಿಸಿ.

ಹುಲಗೆಮ್ಮ


ರಾಯಚೂರು
2-4-1988
(ಕಾರ್ಡು)

ಮಾಮಾ ಅವರಿಗೆ. ರೇಷನ್ ಕಾರ್ಡು ಬಂದಿಲ್ಲ. ಮಾರ್ಚ್ 27ನೇ ತಾರೀಕು ನೀವು ರೂಮಿಗೆ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ಚಹಾ ಕುಡಿದು, ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು ಹೋದಿರೆಂದು ನನ್ನ ಜೊತೆಯ ಅಸ್ಮತ್ ಹೇಳಿದಳು. ಅವತ್ತಿನಿಂದ ನನ್ನ ಮುಲಾಮಿನ ಟ್ಯೂಬು ಕಾಣುತ್ತಿಲ್ಲ. ಹುಲಗೆಮ್ಮ.


ದೇವದುರ್ಗ
9-4-1988

ಚಿ. ಹುಲಗೆಮ್ಮಳಿಗೆ.

ತೆರೆದ ಕಾರ್ಡಿನಲ್ಲಿ ಇಂಥದ್ದನ್ನು ಬರೆಯುತ್ತಾರೆಯೇ? ಅಂಚೆಯವನು ಓದಿ, ಹೋಟೆಲ್ಲಿನವನಿಗೆ ಓದಿ ಹೇಳಿ, ಆಮೇಲೆ ನನಗೆ ಕೊಟ್ಟ. ಸೋದರಮಾವ ಕಳ್ಳ ಎಂದು ಇಡೀ ಬಜಾರಿಗೆ ತಿಳಿಸಿದ ಸೊಸೆ ನೀನೊಬ್ಬಳೇ. ಟ್ಯೂಬು ಎಂದರೆ ನನಗೆ ಸೈಕಲ್ಲಿನದು ಮಾತ್ರ ಗೊತ್ತು.

ನನ್ನ ತಲೆಬಿಸಿ ನನಗೆ. ವಿರೂಪಣ್ಣ ಈ ಸಲ ಅಯ್ಯಣ್ಣ ಎಂಬ ಇಪ್ಪತ್ತೆರಡರ ಪೋರನನ್ನು ತಾಲೀಮಿಗೆ ಕರೆಸುತ್ತಿದ್ದಾನೆ. "ಸುಮ್ನ ನೋಡ್ಲಿ ಬಿಡು ಯಂಕೋಬಾ" ಅನ್ನುತ್ತಾನೆ. ಸುಮ್ಮನೆ ನೋಡುವವನಿಗೆ ಕಿರೀಟದ ಅಳತೆ ಯಾಕೆ ತೆಗೆದುಕೊಂಡ? ಇದೇ ಚಿಂತೆಯಲ್ಲಿ ತಿರುಗಿ ಬಿಸಿಲಿಗೆ ನನ್ನ ಮುಖವೂ ಸ್ವಲ್ಪ ಕೆಂಪಾಗಿದೆ. ಮಾತಿಗೆ ಹೇಳಿದೆ ಅಷ್ಟೆ.

ರೇಷನ್ ಕಾರ್ಡು ಇದರ ಜೊತೆಗಿದೆ. ವಯಸ್ಸಿನ ಕಾಲಮ್ಮು ನೋಡಿ ಗಾಬರಿಯಾಗಬೇಡ. ಅದಕ್ಕೆ ಕಾರಣವಿದೆ, ಕಾರಣ ಕೇಳಿದರೆ ನೀನೇ ನನ್ನನ್ನು ಹೊಗಳುತ್ತಿ.

ಯಂಕೋಬ


ರಾಯಚೂರು
14-4-1988

ಮಾಮಾ,

ಕಾರ್ಡಿನಲ್ಲಿ ಅವ್ವನ ವಯಸ್ಸು ಅರವತ್ತೈದು ಎಂದಿದೆ. ನನ್ನದು ಇಪ್ಪತ್ತೆರಡು, ಎರಡು ವರ್ಷದ ಹಿಂದಿನ ಬರಹ. ಅವ್ವ ನನ್ನನ್ನು ನಲವತ್ಮೂರಕ್ಕೆ ಹಡೆದಳೇ?

ಅರವತ್ತೈದು ಹೊಡೆದು ಹಾಕಿ ಬರೆದದ್ದಲ್ಲ, ಮೊಹರು ಒತ್ತಿದೆ. ಹೊಗಳಲು ತಯಾರಾಗಿ ಕೂತಿದ್ದೇನೆ. ಕಾರಣ ಬರೆಯಿರಿ.

ಹುಲಗೆಮ್ಮ


ದೇವದುರ್ಗ
20-4-1988

ಚಿ. ಹುಲಗೆಮ್ಮಳಿಗೆ.

ಕೇಳು. ನಿನ್ನ ಅಪ್ಪ ತೀರಿದ ಮರುವರ್ಷ, ಅಂದರೆ ಎಂಬತ್ತಾರರಲ್ಲಿ, ನೀನಿನ್ನೂ ನರ್ಸಿಂಗ್ ಓದುತ್ತಿದ್ದಾಗ, ನಿನ್ನ ಅವ್ವ ಒಬ್ಬಳೇ ಕೂಲಿಗೆ ಹೋಗುವುದನ್ನು ನೋಡಲಾರದೆ ನಾನು ವೃದ್ಧಾಪ್ಯ ವೇತನದ ಅರ್ಜಿ ಬರೆದೆ. ಅರವತ್ತೈದು ಆಗಿರಬೇಕೆಂದು ನಿಯಮ. ಹರಕು ಸೀರೆ ಉಡಿಸಿ, ತಲೆಗೆ ಎಣ್ಣೆ ಹಚ್ಚದೆ, ತಪಾಸಣೆಯ ದಿನ ಕರೆದುಕೊಂಡು ಹೋದೆ. ಬಂದಿದ್ದ ಡಾಕ್ಟರು ಒಂದು ಪ್ರಶ್ನೆ ಕೇಳಲಿಲ್ಲ. ತಲೆ ಎತ್ತಿ ಒಮ್ಮೆ ಮುಖ ನೋಡಿದರು, ಅರವತ್ತೈದು ಎಂದು ಬರೆದರು. ಅದನ್ನು ಹಿಡಿದು ರೇಷನ್ ಕಾರ್ಡಿನಲ್ಲೂ ಏರಿಸಿದೆ. ತಾಲೂಕಿನಲ್ಲಿ ಇಷ್ಟು ಸಲೀಸಾಗಿ ಯಾರ ಅರ್ಜಿಯೂ ಪಾಸಾಗಿಲ್ಲ. ಎರಡು ವರ್ಷದಿಂದ ತಿಂಗಳಾ ತಪ್ಪದೆ ಮನಿಆರ್ಡರ್ ಬರುತ್ತಿದೆ. ನಾನು ಯಾರಿಗೂ ಹೇಳಲಿಲ್ಲ, ಅದು ನನ್ನ ದೊಡ್ಡಗುಣ.

ವಿಧವಾ ವೇತನ ಇತ್ತಲ್ಲ ಎಂದು ನೀನು ಕೇಳುತ್ತಿ. ಆ ಫಾರಂ ಅವತ್ತು ಮುಗಿದಿತ್ತು.

ಈಗ ವಯಸ್ಸು ಇಳಿಸಬೇಕು, ಅಷ್ಟೇ ತಾನೇ? ಏರಿಸಿದ ಕೈಗೆ ಇಳಿಸುವುದು ಗೊತ್ತಿಲ್ಲವೇ? ಮುಖ ನೋಡಿ ಬರೆದ ವಯಸ್ಸು ಮುಖ ನೋಡಿಯೇ ಇಳಿಯುತ್ತದೆ. ನನ್ನಲ್ಲೊಂದು ಉಪಾಯವಿದೆ. ಇಪ್ಪತ್ತು ದಿನ ಕೊಡು. ಮಾನ್ವಿಗೆ ಹೊರಟಿದ್ದೇನೆ.

ಯಂಕೋಬ


ಮಾನ್ವಿ
12-5-1988

ಚಿ. ಹುಲಗೆಮ್ಮಳಿಗೆ. ಇದು ನಿನ್ನ ಅವ್ವ ಮೂಕಮ್ಮ ಹೇಳಿ ಬರೆಸುವ ಪತ್ರ. ಅಕ್ಷರ ಮಾತ್ರ ನನ್ನದು, ನಿನ್ನ ಮಾಮಾನದು. ಹೇಳಿದಂತೆಯೇ ಬರೆಯಬೇಕೆಂದು ಎದುರಿಗೆ ಕೂತಿದ್ದಾಳೆ. ಪಕ್ಕದ ಮನೆಯ ದಾವಲ್ ಬೀಯನ್ನೂ ಕೂರಿಸಿಕೊಂಡಿದ್ದಾಳೆ, ಆಕೆಗೆ ಕನ್ನಡ ಓದಲು ಬರುತ್ತದೆ.

"ಯವ್ವಾ ಹುಲಗಿ, ನಾ ಆರಾಮ ಅದೀನಿ ಅಂತ ಬರಿ ಅಂದ್ರ ಸುಳ್ಳಾಗ್ತದ. ನಿಮ್ಮ ಮಾಮಾ ನಿನ್ನ ಮುಲಾಮು ತಂದಾನ. ಇದು ಹಚ್ಕೊ, ಹದಿನೈದು ದಿನಕ್ಕ ಇಪ್ಪತ್ತು ವರ್ಷ ಇಳೀತಾವ, ಡಾಕ್ಟರ್ ಮುಂದ ಹೋಗಿ ನಿಂತ್ಕಂಡ್ರ ನಲವತ್ನಾಕು ಬರೀತಾರ ಅಂದ. ಆಟದಾಗ ಅರದಾಳ ಬಳೀತಾರಲ್ಲ, ಆ ಹಳದಿ ಬಣ್ಣದಂಗ ಬಳದ. ಮುಂಜಾನಿ ಒಮ್ಮಿ, ಮಧ್ಯಾಹ್ನ ಒಮ್ಮಿ."

(ದಪ್ಪಗೆ ಹಚ್ಚಿದರೆ ಬೇಗ ಆಗುತ್ತದೆಂದು ನನ್ನ ಲೆಕ್ಕ.)

"ನಿನ್ನ ಲೆಕ್ಕ ಬರೀಬ್ಯಾಡ. ನಾ ಹೇಳಿದ್ದು ಬರಿ. ನಾನೂ ಮಳ್ಳಿ, ಹಚ್ಕೊಂಡೆ. ನೆಲ್ಲಿನ ಕೊಯ್ಲು ನಡದಿತ್ತು, ಹಂಗೇ ಬಿಸಿಲಿಗೆ ಹೋದೆ. ಐದನೇ ದಿನಕ್ಕ ಮುಖ ಕೆಂಡ ಆತು. ಸೆರಗು ತಾಕಿದ್ರ ಉರಿ, ಗಾಳಿ ತಾಕಿದ್ರ ಉರಿ. ಕಣ್ಣು ಬಾತಾವ. ಈಗ ಸಿಪ್ಪಿ ಏಳಾಕತ್ತಾವ. ಹೊಲದಾಗಿನ ಹೆಣ್ಮಕ್ಕಳು, ಅಜ್ಜಿ ಒಲಿಯಾಗ ಬಿದ್ದಿದ್ದೇನ ಅಂತಾರ. ಅದನ್ನೂ ಬರಿ: ತಾನೂ ಹಚ್ಕೊಂಡಾನ. ನನಗಿಂತ ಮೊದಲ ಹಚ್ಕೊಂಡಾನ. ಮೀಸಿ ಸುತ್ತ ಎಲ್ಲಾ ಸುಲದೈತಿ."

(ಇದನ್ನು ಬರೆಯುವ ಅಗತ್ಯವಿಲ್ಲವೆಂದೆ. ದಾವಲ್ ಬೀ ಇಣುಕುತ್ತಿದ್ದಾಳೆ.)

"ಹುಲಗಿ, ಅವನ ಮ್ಯಾಲ ಸಿಟ್ಟಾಗಬ್ಯಾಡ. ಏರಸಿದ್ದೂ ನನಗಾಗೇ, ಇಳಸಾಕ ಹೋಗಿದ್ದೂ ನನಗಾಗೇ. ನಿನ್ನ ಹಂಗ ನನಗ ಮುಖದ ಚಿಂತಿ ಇಲ್ಲವ್ವ. ಬಂದ ಗೆರಿ ಬಂದವು. ನನಗ ನೆಳ್ಳು ಬೇಕು. ಮಾಳಿಗಿ ಕೆಳಗ ಕುಂತು ಮಾಡೋ ಕೆಲಸ ಅಂದಿಯಲ್ಲ, ಅದನ್ನ ನೆನಸ್ಕೊಂಡು ಈ ಸಲದ ಕೊಯ್ಲು ಮುಗಿಸೀನಿ."

ಇಷ್ಟೇ ಹೇಳಿದಳು. ಕೆಳಗೆ ಹೆಬ್ಬೆಟ್ಟು ಒತ್ತಿದ್ದಾಳೆ. ನಾನು ಬೇರೆ ಪತ್ರ ಬರೆಯುತ್ತೇನೆ.


ರಾಯಚೂರು
16-5-1988

ಯಂಕೋಬ ಅವರಿಗೆ,

ಶನಿವಾರ ನಾನು ರೇಷನ್ ಕಾರ್ಡು ತೆಗೆದುಕೊಂಡು ಮಾನ್ವಿಗೆ ಬರುತ್ತೇನೆ. ಅಲ್ಲಿಯವರೆಗೆ ಅವ್ವನ ಮುಖಕ್ಕೆ ತಣ್ಣೀರಿನ ಬಟ್ಟೆ, ಬರೀ ವ್ಯಾಸಲೀನು. ಬೇರೇನೂ ತಾಕಿಸಕೂಡದು. ಅರದಾಳ, ಅರಿಸಿನ, ನುಗ್ಗೆ ಸೊಪ್ಪು, ನಿಮ್ಮ ತಲೆಗೆ ಹೊಳೆಯುವ ಯಾವುದೂ ಕೂಡದು. ಮನೆಯಿಂದ ಹೊರಗೆ ಬಿಡಬೇಡಿ. ಟ್ಯೂಬಿನಲ್ಲಿ ಉಳಿದದ್ದನ್ನು ದಾವಲ್ ಬೀಯ ಕೈಗೆ ಕೊಡಿ.

ಕಡಲೆಕಾಳಿನಷ್ಟು ಎಂದು ಬರೆದಿದ್ದೆ. ಮಲಗುವ ಮುಂಚೆ ಎಂದು ಬರೆದಿದ್ದೆ. ಬಿಸಿಲು ಕೂಡದು ಎಂದು ಬರೆದಿದ್ದೆ. ಊರಿನವರ ಅರ್ಜಿ ಬರೆಯುವವರು ತಮಗೆ ಬಂದ ಪತ್ರ ಓದುವುದಿಲ್ಲವೇ? ನಾನು ಆರು ತಿಂಗಳಿಗೆ ಬಳಸುವಷ್ಟನ್ನು ನೀವಿಬ್ಬರು ಒಂದೂವರೆ ತಿಂಗಳಲ್ಲಿ ಬಳಿದುಕೊಂಡಿರಿ. ಗೆರೆ ತಿಳಿಯಾಗಲು ತಿಂಗಳುಗಟ್ಟಲೆ ಬೇಕು, ಅದೂ ಆದರೆ ಸ್ವಲ್ಪ. ಇಪ್ಪತ್ತು ವರ್ಷ ಯಾರಿಗೂ ಇಳಿಯುವುದಿಲ್ಲ.

ಇನ್ನೊಂದು ಲೆಕ್ಕ ಕೇಳುತ್ತೇನೆ. ರಜಾಕಾರರ ಗಲಾಟೆ ನಲವತ್ತೆಂಟರಲ್ಲಿ. ಆಗ ಅವ್ವನಿಗೆ ನಾಲ್ಕು. ನಿಮಗೆ ಈಗ ನಲವತ್ತೆರಡಾದರೆ ನೀವು ಹುಟ್ಟಿದ್ದು ನಲವತ್ತಾರರಲ್ಲಿ. ಎರಡು ವರ್ಷದ ಕೂಸು ನಾಲ್ಕು ವರ್ಷದ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಎದೆಮಟ್ಟ ನೀರಿನಲ್ಲಿ ತುಂಗಭದ್ರೆ ದಾಟಿತೇ? ಹೊಳೆಯ ಕಥೆಯಾದರೂ ಸುಳ್ಳಾಗಬೇಕು, ನಲವತ್ತೆರಡಾದರೂ ಸುಳ್ಳಾಗಬೇಕು. ಹೊಳೆಯ ಕಥೆಯನ್ನು ಅವ್ವನೂ ಹೇಳುತ್ತಾಳೆ.

ದೇವದುರ್ಗದಲ್ಲಿ ನೀವು ಅವ್ವನನ್ನು ಯಾರಿಗೆ ತೋರಿಸಿದರೂ "ನಮ್ಮಕ್ಕ" ಅನ್ನುತ್ತೀರಿ. ನಾನು ಹತ್ತು ವರ್ಷದಿಂದ ಕೇಳಿಸಿಕೊಂಡಿದ್ದೇನೆ. ಅವ್ವ ಒಮ್ಮೆಯೂ ತಿದ್ದಲಿಲ್ಲ. ನಿಮ್ಮ ದಿಂಬಿನ ಮೇಲಿನ ಕಪ್ಪು ಬಣ್ಣ ಎಲ್ಲಿಂದ ಬಂತೆಂದು ನಾನೂ ಕೇಳಲಿಲ್ಲ. ನನಗೆ ಮಾತ್ರ ಹುಟ್ಟದ ಎಮ್ಮೆಗೆ ಹಗ್ಗ ಹೊಸೆಯುತ್ತೀ ಅಂದಿರಿ.

ಅವ್ವ ಶಾಲೆಗೆ ಹೋದವಳಲ್ಲ, ಅವಳ ಹುಟ್ಟಿದ ದಿನ ಎಲ್ಲೂ ಬರೆದಿಲ್ಲ. ನೀವು ಹೋಗಿದ್ದೀರಿ. ಅಣ್ಣನಿಗೇ ಐವತ್ತರ ಆಸುಪಾಸು ಎಂದು ಶಾಲೆಯ ದಾಖಲೆ ತೋರಿಸಿದರೆ ತಂಗಿಗೆ ಅರವತ್ತೈದು ಎಂದು ಯಾರೂ ಅನ್ನಲಾರರು. ಚಂದ್ರಬಂಡದ ಶಾಲೆಗೆ ಹೋಗಿ ನಿಮ್ಮ ದಾಖಲೆ ತೆಗೆಸಿ. ಆಗದಿದ್ದರೆ ಆಗದೆಂದು ಬರೆಯಿರಿ. ಇಲಿ ಕಡಿಯಿತು ಎಂದು ಮಾತ್ರ ಬರೆಯಬೇಡಿ.

ಹುಲಗೆಮ್ಮ


ದೇವದುರ್ಗ
11-6-1988

ಚಿ. ಹುಲಗೆಮ್ಮಳಿಗೆ.

ಮೂರು ವಾರ ನಾನು ಪತ್ರ ಬರೆಯಲಿಲ್ಲ. ನಿನ್ನ ಪತ್ರ ಎದುರಿಗಿಟ್ಟುಕೊಂಡು ಕೂತರೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ. ಮೊದಲ ಒಂದು ವಾರ, ಈ ಹುಡುಗಿಗೆ ಲೆಕ್ಕ ಕಲಿಸಿದ ಮಾಸ್ತರು ಯಾರು ಎಂದು ಬೈದುಕೊಂಡೆ. ಆಮೇಲೆ ನೆನಪಾಯಿತು, ಕಲಿಸಿದವನು ನಾನೇ.

ಚಂದ್ರಬಂಡಕ್ಕೆ ಹೋದೆ. ಹೆಡ್‌ಮಾಸ್ತರು ಟ್ರಂಕು ತೆರೆದು ಹಳೆಯ ದಾಖಲೆ ಬುಕ್ಕು ತೆಗೆದರು. ನಿಜಾಮರ ಕಾಲದ್ದು, ಎಲ್ಲ ಉರ್ದು. ಅವರಿಗೆ ಓದಲು ಬಾರದು. ನನಗೂ ಮರೆತಿದೆ. ಬಂದ ದಾರಿ ಹಿಡಿಯಬಹುದಿತ್ತು. ಉರ್ದು ಓದುವವರು ಸಿಗಲಿಲ್ಲ ಎಂದರೆ ನೀನೂ ನಂಬುತ್ತಿದ್ದಿ. ಬಸ್‌ಸ್ಟಾಪಿನವರೆಗೆ ಬಂದೂ ಇದ್ದೆ. ಅಲ್ಲಿ ಹೊಲದಿಂದ ಬಂದ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಬಸ್ಸಿಗೆ ಕಾಯುತ್ತಿದ್ದರು. ಅವರಲ್ಲಿ ಯಾರಿಗೆ ಎಷ್ಟು ವಯಸ್ಸು ಎಂದು ಅರ್ಜಿಯವನ ಕಣ್ಣಿನಿಂದ ನೋಡಿದೆ. ಹುಲಗಿ, ಒಬ್ಬಳದೂ ಗೊತ್ತಾಗಲಿಲ್ಲ.

ತಿರುಗಿ ಹೋಗಿ ನಬೀಸಾಬರನ್ನು ಕರೆತಂದೆ. ನನ್ನ ಮಾಸ್ತರು, ಈಗ ಎಂಬತ್ತರ ಮೇಲೆ. ಬುಕ್ಕಿಗೆ ಮೂಗು ತಾಗಿಸಿ ಓದಿದರು: "ಏ ಯಂಕ್ಯಾ, ನಿನ್ನ ಹೆಸರಿನ ಮುಂದ ಗೈರ್‌ಹಾಜರ್ ಅಂತ ಬರದು ಬರದು ನನ್ನ ಶಾಯಿ ಮುಗೀತಿತ್ತು. ಇಲ್ಲಿ ಅದ ನೋಡು, ಪೈದಾಯಿಷ್, ಅಂದ್ರ ಹುಟ್ಟಿದ್ದು, ಫಸಲಿ ಹದಿಮೂರುನೂರಾ ನಲವತ್ತೇಳು." ಬೆರಳು ಮಡಚಿ ಹೇಳಿದರು: "ಇಂಗ್ರೇಜಿ ಲೆಕ್ಕದಾಗ ಮೂವತ್ತೆಂಟು. ಐವತ್ತು ಆತಲ್ಲೋ ನಿನಗ. ಮೀಸಿ ನೋಡಿದ್ರ ಗೊತ್ತಾಗಂಗಿಲ್ಲ ಬಿಡು."

ನಕಲಿಗೆ ನನ್ನನ್ನು ಬಲ್ಲವರೊಬ್ಬರ ಸಾಕ್ಷಿ ಸಹಿ ಬೇಕೆಂದರು. ದೇವದುರ್ಗದಲ್ಲಿ ನನ್ನನ್ನು ವಿರೂಪಣ್ಣನಷ್ಟು ಬಲ್ಲವರಿಲ್ಲ. ಕಾಗದ ಮುಂದಿಟ್ಟೆ. ಓದಿದ, ನನ್ನ ಮುಖ ನೋಡಿದ, ಮತ್ತೆ ಓದಿದ. ಸಹಿ ಮಾಡಿ ಕೊಟ್ಟು ಹೇಳಿದ: "ಅಯ್ಯಣ್ಣಗ ನಾಳೆ ಮುಂಜಾನಿ ಬರಾಕ ಹೇಳ್ತೀನಿ." ನಾನು ಹೂಂ ಅಂದೆ.

ಅಲ್ಲಿಂದ ಮಾನ್ವಿಯ ಕಚೇರಿಗೆ. ನಾನು ಬರೆದ ಸಾವಿರ ಅರ್ಜಿಗಳಲ್ಲಿ ಇದೇ ಮೇಲು. "ಈ ಮುಖಕ್ಕೆ ಅರವತ್ತೈದು ಬರೆಸಿದವನು ಕೆಳಗೆ ಸಹಿ ಮಾಡಿದ ನಾನೇ ಆಗಿದ್ದು, ನನ್ನ ತಂಗಿಗೆ ಅಕ್ಷರ ಬಾರದ ಕಾರಣ ಇದರಲ್ಲಿ ಅವಳ ತಪ್ಪೇನೂ ಇರುವುದಿಲ್ಲ, ಸದರಿ ವೇತನವನ್ನು ರದ್ದುಮಾಡಿ ವಯಸ್ಸನ್ನು ತಿದ್ದಬೇಕಾಗಿ ಪ್ರಾರ್ಥನೆ." ಸಾಹೇಬರು ಓದಿ ಅರ್ಧ ತಾಸು ಬೈದರು. ಮತ್ತೆ ಕೇಳಿದರು: "ಈಕಿ ನಿಮ್ಮ ಅಕ್ಕ ಅಲ್ಲೇನು?"

"ತಂಗಿ ರೀ" ಅಂದೆ. "ನನಗಿಂತ ಆರು ವರ್ಷಕ್ಕ ಸಣ್ಣಾಕಿ."

ನಿನ್ನ ಅವ್ವ ನನ್ನ ಹಿಂದೆಯೇ ನಿಂತಿದ್ದಳು. ಹೊರಗೆ ಬಂದ ಮೇಲೆ ನನ್ನ ಅಂಗಿಯ ಕಾಲರು ಸರಿಮಾಡಿದಳು.

ತಿದ್ದಿದ ಕಾರ್ಡು, ನನ್ನ ದಾಖಲೆಯ ನಕಲು ಇದರ ಜೊತೆಗಿವೆ. ಇಲಿ ಕಡಿದಿಲ್ಲ.

ಯಂಕೋಬ


ರಾಯಚೂರು
4-7-1988

ಪ್ರೀತಿಯ ಮಾಮಾನಿಗೆ ನಮಸ್ಕಾರಗಳು.

ಅವ್ವನಿಗೆ ಕೆಲಸ ಸಿಕ್ಕಿತು.

ಸಂದರ್ಶನದ ದಿನ ಮುಖದ ಕೆಂಪು ಪೂರ್ತಿ ಇಳಿದಿರಲಿಲ್ಲ. ಕಮಿಟಿಯ ಒಬ್ಬರು ಮುಖ ನೋಡಿ ಕಾಗದ ನೋಡಿದರು, ಕಾಗದ ನೋಡಿ ಮುಖ ನೋಡಿದರು. "ನಲವತ್ನಾಲ್ಕು ಅನ್ನೋದು ಹೆಂಗ ನಂಬೂದು?" ಅಂದರು. ನಿಮ್ಮ ದಾಖಲೆ ಕೊಟ್ಟೆವು. ಆದರೂ ಲೇಡಿ ಡಾಕ್ಟರ ಹತ್ತಿರ ಕಳಿಸಿದರು. ಅವರು ಮುಖ ನೋಡಲೇ ಇಲ್ಲ. ಹಲ್ಲು ನೋಡಿದರು. ಆಮೇಲೆ ಹೆಂಗಸರನ್ನು ಮಾತ್ರ ಕೇಳುವ ಒಂದು ಪ್ರಶ್ನೆ ಕೇಳಿದರು. ಅರವತ್ತೈದರವರು ಕೊಡಲಾಗದ ಉತ್ತರವನ್ನು ಅವ್ವ ಕೊಟ್ಟಳು. ಡಾಕ್ಟರು ನಕ್ಕು ಸಹಿ ಹಾಕಿದರು.

ಚರ್ಮದ ಡಾಕ್ಟರಿಗೂ ತೋರಿಸಿದೆ. ಗಾಯ ಉಳಿಯುವುದಿಲ್ಲವಂತೆ. ಅವ್ವನಿಗೂ ಸಣ್ಣದಾಗಿ ಹಚ್ಚಬಹುದೇ ಎಂದು ಕೇಳಿದೆ. "ಮೊದಲ ಒಂದು ವರ್ಷ ನೆರಳಿನಾಗ ಇರ್ಲಿ, ಅದರಷ್ಟು ಒಳ್ಳೇ ಮುಲಾಮು ನನ್ನ ಹತ್ರ ಇಲ್ಲ" ಅಂದರು. ನಾನು ಮಾತ್ರ ಹೊಸ ಟ್ಯೂಬು ತಂದು ಕಡಲೆಕಾಳಿನಷ್ಟು ಹಚ್ಚುತ್ತಿದ್ದೇನೆ. ಸಿಪ್ಪೆ ಏಳುವುದು ನಿಂತಿದೆ. ಅವ್ವ ದಿನಾ ನೋಡಿ ನಗುತ್ತಾಳೆ: "ಕಾಳು ದೊಡ್ಡದಾತು ನೋಡು, ನಿಮ್ಮ ಮಾಮಾನ ಕೈ ಬಂದಂಗದ." ನನ್ನ ಛತ್ರಿ ಈಗ ಅವಳ ಹತ್ತಿರವೇ ಇರುತ್ತದೆ. ಹಾಸ್ಟೆಲ್ಲಿನಿಂದ ಬಜಾರಿಗೆ ಹೋಗಲು ನಾನು ಕೇಳಿ ಇಸಿದುಕೊಳ್ಳಬೇಕು.

ಬಯಲಾಟದ ವಿಷಯ ನೀವು ಬರೆಯಲಿಲ್ಲ. ರಾಜಕುಮಾರ ಯಾರು?

ಹುಲಗೆಮ್ಮ


ದೇವದುರ್ಗ
20-11-1988

ಚಿ. ಹುಲಗೆಮ್ಮಳಿಗೆ ಆಶೀರ್ವಾದ. ನಾಲ್ಕು ತಿಂಗಳು ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಬರೆಯಲು ವಿಷಯ ಇರಲಿಲ್ಲವೆಂದಲ್ಲ.

ಆಟ ಮೊನ್ನೆ ಆಯಿತು. ರಾಜಕುಮಾರ ಅಯ್ಯಣ್ಣ. ಕುಣಿತ ಪರವಾಗಿಲ್ಲ, ಮಾತು ನುಂಗುತ್ತಾನೆ, ಕಿರೀಟ ಸಡಿಲ. ನನಗೆ ರಾಜಕುಮಾರನ ಮುದಿ ತಂದೆಯ ಪಾತ್ರ ಕೊಟ್ಟರು. ಬೇಡ ಅಂದೆ. ಎರಡು ದಿನ ಅಂದೆ. ಮೂರನೆಯ ದಿನ ಮಾತು ಬಾಯಿಪಾಠ ಮಾಡಿದೆ. ಇಡೀ ಆಟದಲ್ಲಿ ಜನ ಸದ್ದಿಲ್ಲದೆ ಕೂತದ್ದು ನಾನು ಬಂದಾಗ ಮಾತ್ರ, ಇದನ್ನು ನಾನು ಹೇಳುತ್ತಿಲ್ಲ, ವಿರೂಪಣ್ಣನೇ ಹೇಳಿದ್ದು.

ನಿನ್ನ ಮುಲಾಮಿನ ತಂಟೆ ಕೇಳು. ಅಷ್ಟು ಸುಲಿದ ಮೇಲೆ ನನ್ನ ಮುಖ ನುಣ್ಣಗಾಗಿ ಹೋಗಿದೆ. ನನ್ನ ಮಾತು, ನಿನ್ನ ಡಾಕ್ಟರು ನಂಬಲಿ ಬಿಡಲಿ. ಮುದುಕನ ವೇಷಕ್ಕೆ ಆಗದು ಅಂದ ವಿರೂಪಣ್ಣ. ಬೇಡವೆಂದಾಗ ಗೆರೆ ಹೋಗದು, ಬೇಕೆಂದಾಗ ಗೆರೆ ಬಾರದು, ಇಂಥ ಮುಲಾಮು ಯಾರು ಕಂಡುಹಿಡಿದರೋ. ಕೊನೆಗೆ ಕಾಡಿಗೆ ಕೊಟ್ಟು, "ನೀನ ಗೆರಿ ಬರ್ಕೊ" ಅಂದ.

ವೇಷ ಕಟ್ಟುವ ಚೌಕಿಯಲ್ಲಿ ಕನ್ನಡಿ ಹಿಡಿದು ಕೂತೆ. ಹಣೆಯ ಮೇಲೆ ಮೂರು ಎಳೆದೆ. ಕಣ್ಣಿನ ಮೂಲೆಯಲ್ಲಿ ಒಂದು ದೊಡ್ಡದು, ಅದರ ಕೆಳಗೆ ಎರಡು ಸಣ್ಣವು. ಮೂಗಿನ ಪಕ್ಕದಿಂದ ತುಟಿಯ ಕೊನೆಯವರೆಗೆ ಇಳಿಸಿ ಸ್ವಲ್ಪ ಒಳಗೆ ತಿರುಗಿಸಿದೆ. ಎಲ್ಲಿ ಎಳೆಯಬೇಕೆಂದು ಕೈಗೆ ಯಾರೂ ಹೇಳಿಕೊಡಲಿಲ್ಲ. ಮುಗಿಸಿ ಕನ್ನಡಿ ದೂರ ಹಿಡಿದು ನೋಡಿದೆ. ನನ್ನ ಎದುರಿಗೆ ನಿನ್ನ ಅವ್ವ ಕೂತಿದ್ದಳು.

ಅವಳಿಗೆ ಇದನ್ನು ಓದಿ ಹೇಳಬೇಡ. ಛತ್ರಿ ಒಂದೇ ಇದ್ದರೆ ಇನ್ನೊಂದು ಕೊಂಡುಕೋ, ತಾಯಿ ಮಗಳು ಅದಕ್ಕೆ ಜಗಳಾಡಬೇಡಿ. ಮತ್ತೆ, ಬಿಡುವಾದಾಗ ನಿನ್ನ ಡಾಕ್ಟರನ್ನು ಒಂದು ಮಾತು ಕೇಳಿ ಬರೆ: ನನ್ನ ವಯಸ್ಸಿನವರು ಹಚ್ಚುವುದಾದರೆ ಕಾಳು ಕಡಲೆಯದೋ, ಹೆಸರಿನದೋ.

ನಿನ್ನ ಮಾಮಾ
ಯಂಕೋಬ, ವಯಸ್ಸು ಐವತ್ತು
ಮೂಕಮ್ಮನ ಅಣ್ಣ